24 ಗಂಟೆಯಲ್ಲಿ ಹಾಗೆಲ್ಲ ಆಗುತ್ತದೆಯೇ, ಮೇಡಂ?

ಆಗುತ್ತದೆ.

ಇಷ್ಟೇ ನನ್ನ ಉತ್ತರ. ಇಷ್ಟು ಸಾಕೆನಿಸಿದವರು ಇಲ್ಲಿಗೇ ನಿಲ್ಲಿಸಿ ತಮ್ಮ ಕೆಲಸಕ್ಕೆ ಮರಳಬಹುದು, ನನಗೆ ಬೇಸರವಿಲ್ಲ. ಕಳೆದ ನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಮದುವೆ ಮನೆಯ ಪಂಕ್ತಿಯಲ್ಲಿ, ಬ್ಯಾಂಕಿನ ನಿವೃತ್ತರ ಸಭೆಯಲ್ಲಿ, ಕದಂಬ ಬಸ್ಸಿನಲ್ಲಿ ಪಕ್ಕ ಕುಳಿತವರಿಂದ, ಒಮ್ಮೆ ಪಣಜಿಯ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿರುವಾಗ ಬೆನ್ನ ಹಿಂದಿನಿಂದಲೂ ಕೇಳಿಸಿಕೊಂಡಿದ್ದೇನೆ. ಮೊದಮೊದಲು ಸಮಾಧಾನವಾಗಿ ವಿವರಿಸುತ್ತಿದ್ದೆ. ಆಮೇಲೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗುವೂ ಬರುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿಬಿಡುವುದೆಂದು ನಿಶ್ಚಯಿಸಿಯಾಗಿದೆ.

ಪ್ರಶ್ನೆ ಹುಟ್ಟಿಕೊಂಡದ್ದು ಹೀಗೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಕೈ ಸುಮ್ಮನಿರಲಾರದೆ ನಾನು ಆಸ್ಟ್ರಿಯಾದ ಲೇಖಕ ಸ್ಟೆಫಾನ್ ಜ್ವೈಗ್ 1927ರಲ್ಲಿ ಪ್ರಕಟಿಸಿದ ಒಂದು ನೀಳ್ಗತೆಯನ್ನು ಇಂಗ್ಲಿಷ್ ಅನುವಾದದ ಮೂಲಕ ಕನ್ನಡಕ್ಕೆ ತಂದೆ. ‘ಒಬ್ಬ ಹೆಣ್ಣಿನ ಬದುಕಿನ ಇಪ್ಪತ್ತನಾಲ್ಕು ಗಂಟೆಗಳು’ ಎಂದು ಅದರ ಹೆಸರು. ಅಚ್ಚು ಹಾಕಿಸುವ ಯೋಚನೆ ಇರಲಿಲ್ಲ. ನನ್ನ ಯಜಮಾನರು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಕೊಟ್ಟರು, 20 ಪ್ರತಿ ಜೆರಾಕ್ಸ್ ತೆಗೆಸಿ ಹತ್ತಿರದವರಿಗೆ ಹಂಚಿದೆವು. ಅದರಲ್ಲೊಂದು ಪ್ರತಿ ಹೇಗೋ ವಾಸ್ಕೊದ ಕನ್ನಡ ಬಳಗವೊಂದರ ಕೈಸೇರಿ, ಎರಡು ಭಾನುವಾರ ಸಂಜೆ ಬಂದು ಓದಿ ಹೇಳಬೇಕೆಂದು ಅವರು ಕರೆದರು. ಹೋಗಿ ಓದಿದೆ. ಅಲ್ಲಿಂದ ಶುರುವಾಯಿತು.

ಕಥೆ ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಮೊದಲ ಮಹಾಯುದ್ಧಕ್ಕೆ ಹತ್ತು ವರ್ಷ ಮುಂಚೆ, ಫ್ರಾನ್ಸಿನ ದಕ್ಷಿಣ ಕರಾವಳಿಯ ಒಂದು ಸಣ್ಣ ವಸತಿಗೃಹದಲ್ಲಿ ಹಲವು ದೇಶಗಳ ಮಧ್ಯಮವರ್ಗದ ಜನ ಬಿಡುವಿನ ದಿನಗಳನ್ನು ಕಳೆಯುತ್ತಿರುತ್ತಾರೆ. ಅಲ್ಲಿಗೆ ಒಂದು ಮಧ್ಯಾಹ್ನ ಚೆಲುವನಾದ ಫ್ರೆಂಚ್ ತರುಣನೊಬ್ಬ ಬರುತ್ತಾನೆ. ಮರುದಿನ ಅವನು ಹೊರಟುಹೋದಾಗ ಅವನ ಹಿಂದೆಯೇ ಲಿಯಾನಿನ ಸ್ಥೂಲಕಾಯದ ಕಾರ್ಖಾನೆ ಮಾಲೀಕನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ತಾಯಿ ಹೆನ್ರಿಯೆಟ್ಟಳೂ ಹೋಗಿಬಿಟ್ಟಿರುತ್ತಾಳೆ. ಊಟದ ಮೇಜಿನಲ್ಲಿ ಗಲಾಟೆ ಏಳುತ್ತದೆ. ಕಥೆಯ ನಿರೂಪಕನೊಬ್ಬನೇ ಅವಳ ಪರ ವಹಿಸಿ ವಾದಿಸುತ್ತಾನೆ. ಅದನ್ನು ಕೇಳಿಸಿಕೊಂಡ 67 ವರ್ಷದ ಇಂಗ್ಲಿಷ್ ವಿಧವೆ, ಮಿಸೆಸ್ ಸಿ, ಅವನನ್ನು ತನ್ನ ಕೋಣೆಗೆ ಕರೆಸಿಕೊಂಡು, 25 ವರ್ಷ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ದಿನದ ಸಂಗತಿಯನ್ನು ಹೇಳುತ್ತಾಳೆ. ಗಂಡ ಸತ್ತು ಎರಡು ವರ್ಷವಾಗಿದ್ದಾಗ, ತನ್ನ 42ನೇ ವಯಸ್ಸಿನಲ್ಲಿ, ಮೊನಾಕೊ ದೇಶದ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ಆಕೆ ರೂಲೆಟ್ ಎಂಬ ಗಾಲಿಯಾಟದ ಮೇಜಿನ ಮೇಲೆ ಒಬ್ಬ ಪೋಲಿಷ್ ತರುಣನ ಕೈಗಳನ್ನು ನೋಡಿದಳು. ಅವನು ಎಲ್ಲವನ್ನೂ ಸೋತು ಎದ್ದುಹೋದಾಗ, ಇವನು ಸಾಯುವುದಕ್ಕೇ ಹೋಗುತ್ತಿದ್ದಾನೆಂದು ಅರಿತು ಹಿಂಬಾಲಿಸಿದಳು. ಮಳೆಯಲ್ಲಿ ಬೆಂಚಿನ ಮೇಲೆ ಶವದಂತೆ ಕುಸಿದಿದ್ದವನನ್ನು ಎಬ್ಬಿಸಿ ಒಂದು ಅಗ್ಗದ ಹೋಟೆಲಿಗೆ ಕರೆದೊಯ್ದಳು. ಬಾಗಿಲಲ್ಲಿ ಬಿಟ್ಟುಬರುವ ಉದ್ದೇಶವಿತ್ತು, ಬಿಟ್ಟುಬರಲಿಲ್ಲ. ಮರುದಿನ ಅವನಿಂದ ಚರ್ಚಿನಲ್ಲಿ ಇನ್ನೆಂದೂ ಜೂಜಾಡುವುದಿಲ್ಲವೆಂದು ಆಣೆ ಮಾಡಿಸಿ, ಊರಿಗೆ ಹೋಗಲು ಹಣ ಕೊಟ್ಟಳು. ಸಂಜೆ ರೈಲುನಿಲ್ದಾಣಕ್ಕೆ ತಡವಾಗಿ ತಲುಪಿದಳು, ರೈಲು ಹೊರಟಿತ್ತು. ಅದೇ ರಾತ್ರಿ ಅವನ ನೆನಪಿಗೆಂದು ಮತ್ತೆ ಕ್ಯಾಸಿನೊಕ್ಕೆ ಹೋದರೆ, ಅವನು ಅದೇ ಮೇಜಿನ ಮುಂದೆ, ಅವಳೇ ಕೊಟ್ಟ ಹಣದಿಂದ ಆಡುತ್ತ ಕುಳಿತಿದ್ದಾನೆ. ತಡೆಯಲು ಹೋದವಳ ಮೇಲೆ ಎಲ್ಲರೆದುರು ಕೂಗಾಡಿ, ನೋಟುಗಳನ್ನು ಅವಳತ್ತ ಎಸೆಯುತ್ತಾನೆ.

ಇದನ್ನು ಎರಡು ಭಾನುವಾರಗಳಲ್ಲಿ ಓದಿ ಮುಗಿಸಿ ನೀರು ಕುಡಿಯುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದು ನಿಂತು, ಶಾಲು ಸರಿಪಡಿಸಿಕೊಂಡು, ಮೇಲಿನ ಪ್ರಶ್ನೆಯನ್ನು ಕೇಳಿದರು. ‘ಅನುವಾದ ಸೊಗಸಾಗಿದೆ, ಮೇಡಂ. ಆದರೆ 24 ಗಂಟೆಯಲ್ಲಿ ಹಾಗೆಲ್ಲ ಆಗುತ್ತದೆಯೇ? ಅದೂ ಒಂದು ಸಂಭಾವಿತ ಮನೆತನದ ಹೆಣ್ಣುಮಗಳಿಗೆ?’ ನಾನು ಬಾಯಿ ತೆರೆಯುವ ಮೊದಲೇ ಅವರ ಪಕ್ಕದವರು ನೆರವಿಗೆ ಬಂದರು: ‘ಅಲ್ಲಿಯವರಿಗೆ ಆಗಬಹುದು, ನಮ್ಮಲ್ಲಿ ಆಗುವುದಿಲ್ಲ.’ ಮೂರನೆಯವರೊಬ್ಬರು, ಅತ್ಯಂತ ವಿನಯದಿಂದ, ‘ನಿಮ್ಮ ಯಜಮಾನರು ಇದನ್ನು ಓದಿದ್ದಾರೆಯೇ?’ ಎಂದರು. ನನ್ನ ಯಜಮಾನರು ಹಿಂದಿನ ಸಾಲಿನಲ್ಲಿ ಅವಲಕ್ಕಿಯ ತಟ್ಟೆ ಹಿಡಿದುಕೊಂಡಿದ್ದರು. ‘ಓದಿದ್ದೇನೆ, ಟೈಪ್ ಮಾಡಿದವನೇ ನಾನು’ ಎಂದರು. ಎಲ್ಲರೂ ತಿರುಗಿ ನೋಡಿದಾಗ, ‘ಆದರೆ ಕಾಗುಣಿತದ ಕಡೆಗೇ ಗಮನವಿದ್ದುದರಿಂದ ಉಳಿದದ್ದು ಅಷ್ಟಾಗಿ ತಿಳಿಯಲಿಲ್ಲ’ ಎಂದು ಸೇರಿಸಿದರು. ಸಭೆ ನಿರಾಳವಾಗಿ ನಕ್ಕಿತು. ನಾನೂ ನಕ್ಕೆ. ಪಣಜಿಗೆ ಮರಳುವ ಬಸ್ಸಿನಲ್ಲಿ ಅವರೊಂದಿಗೆ ಮಾತಾಡಲಿಲ್ಲ.

ನನಗೆ ಸಿಟ್ಟು ಬಂದದ್ದು ಸಂಶಯಕ್ಕಲ್ಲ. ಕಥೆಯೊಂದನ್ನು ಕೇಳಿದ ಮೇಲೆ ಹೀಗಾಗುವುದುಂಟೇ ಎಂದು ಸಂಶಯಿಸುವ ಹಕ್ಕು ಕೇಳುಗನಿಗಿದೆ. ಸಿಟ್ಟು ಬಂದದ್ದು ‘ಹಾಗೆಲ್ಲ’ ಎಂಬ ಪದಕ್ಕೆ. ಕನ್ನಡದಲ್ಲಿ ಇಷ್ಟು ಅನುಕೂಲವಾದ ಪದ ಇನ್ನೊಂದಿಲ್ಲ. ‘ಹಾಗೆಲ್ಲ’, ‘ಅಂಥದ್ದೆಲ್ಲ’, ‘ಏನೇನೋ’ ಎಂದು ಒಂದು ಪರದೆ ಎಳೆದುಬಿಟ್ಟರೆ ಒಳಗೆ ಏನಿದೆ ಎಂದು ಹೇಳುವ ಹೊಣೆಯೂ ತಪ್ಪುತ್ತದೆ, ಒಳಗಿರುವುದು ಕೆಟ್ಟದ್ದೇ ಎಂಬ ತೀರ್ಪನ್ನೂ ಕೊಟ್ಟಂತಾಗುತ್ತದೆ. ‘ಹಾಗೆಲ್ಲ ಅಂದರೆ ಏನು, ಬಿಡಿಸಿ ಹೇಳಿ’ ಎಂದು ನಾನು ಆಮೇಲೆ ಹಲವರನ್ನು ಕೇಳಿದ್ದೇನೆ. ಅಪರಿಚಿತನ ಪ್ರಾಣ ಉಳಿಸುವುದೇ? ಮಳೆಯಲ್ಲಿ ಅವನ ಹಿಂದೆ ಹೋಗುವುದೇ? ಅವನೊಡನೆ ರಾತ್ರಿ ಕಳೆಯುವುದೇ? ಅವನ ಜೊತೆ ಹೊರಟುಬಿಡಬೇಕೆಂದು ಪೆಟ್ಟಿಗೆ ಕಟ್ಟುವುದೇ? ಇವು ನಾಲ್ಕೂ ನಾಲ್ಕು ಬೇರೆ ಸಂಗತಿಗಳು, ಕಥೆ ನಿಂತಿರುವುದೇ ಅವುಗಳ ನಡುವಿನ ಸಂದಿಗಳಲ್ಲಿ. ಇದುವರೆಗೆ ಒಬ್ಬರೂ ಬಿಡಿಸಿ ಹೇಳಿಲ್ಲ. ‘ನಿಮಗೆ ಗೊತ್ತಲ್ಲ ಮೇಡಂ’ ಎನ್ನುತ್ತಾರೆ.

ಇನ್ನೂ ಒಂದು ಮಾತು. ಈ ಪ್ರಶ್ನೆ ಕೇಳುವವರಿಗೆ ತಾವು ಸ್ವತಂತ್ರವಾಗಿ ಯೋಚಿಸಿ ಕೇಳುತ್ತಿದ್ದೇವೆಂಬ ಭಾವನೆ ಇರುತ್ತದೆ. ಅದು 1927ರಲ್ಲೇ ಅಚ್ಚಾಗಿರುವ ಪ್ರಶ್ನೆ. ಹೆನ್ರಿಯೆಟ್ ಓಡಿಹೋದ ಮೇಲೆ ಊಟದ ಮೇಜಿನ ಸುತ್ತ ಕುಳಿತ ಗಂಡಂದಿರೂ ಹೆಂಡಂದಿರೂ ಹೇಳುವುದು ಅದನ್ನೇ: ಒಂದು ಹಗಲು ಒಂದು ರಾತ್ರಿಯಲ್ಲಿ ಹೀಗಾಗಲು ಸಾಧ್ಯವೇ ಇಲ್ಲ, ಇವರಿಬ್ಬರಿಗೂ ಮೊದಲೇ ಗುಟ್ಟಿನ ಪರಿಚಯವಿದ್ದಿರಬೇಕು. ಆ ಜನರಿಗೆ ಲೇಖಕ ಹೆಸರನ್ನು ಕೂಡ ಕೊಟ್ಟಿಲ್ಲ. ವಾಸ್ಕೊದ ಸಭಾಂಗಣದಲ್ಲಿ ಎದ್ದು ನಿಂತು ಶಾಲು ಸರಿಪಡಿಸಿಕೊಂಡವರು ಅರಿವಿಲ್ಲದೆ ಆ ಮೇಜಿನ ಒಂದು ಖಾಲಿ ಕುರ್ಚಿಯಲ್ಲಿ ಹೋಗಿ ಕುಳಿತರು.

ಈಗ ನಾನು ಎಲ್ಲಿ ವಾಸಿಸುತ್ತಿದ್ದೇನೆಂಬುದನ್ನು ಗಮನಿಸಿ. ಪಣಜಿಯಲ್ಲಿ ಸಂಜೆಯಾದರೆ ದಯಾನಂದ ಬಾಂದೋಡಕರ್ ರಸ್ತೆಯ ಉದ್ದಕ್ಕೂ ಮಾಂಡವಿ ನದಿಯಲ್ಲಿ ಕ್ಯಾಸಿನೊ ಹಡಗುಗಳ ದೀಪಗಳು ಹೊತ್ತಿಕೊಳ್ಳುತ್ತವೆ. ದಡದಲ್ಲಿ ಕೆಎ 22, ಕೆಎ 25 ಎಂದು ಬೆಳಗಾವಿ, ಹುಬ್ಬಳ್ಳಿ ಧಾರವಾಡದ ನೋಂದಣಿಯ ಕಾರುಗಳು ನಿಂತಿರುತ್ತವೆ. ಗೋವಾದ ಜೂಜು ನಿಷೇಧದ ಕಾಯಿದೆ 1976ರದ್ದು. ಅದಕ್ಕೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳ ಜೂಜಿಗೂ, 1996ರಲ್ಲಿ ಮತ್ತೆ ತಿದ್ದಿ ನೀರಿನ ಮೇಲಿನ ಜೂಜಿಗೂ ದಾರಿ ಮಾಡಿಕೊಟ್ಟರು. 2020ರ ಫೆಬ್ರವರಿಯಿಂದ ಗೋವಾದವರೇ ಈ ಕ್ಯಾಸಿನೊಗಳೊಳಗೆ ಹೋಗಕೂಡದೆಂದು ಸರಕಾರ ನಿರ್ಬಂಧ ಹಾಕಿತು. ಮಾಂಟೆ ಕಾರ್ಲೊದಲ್ಲಿಯೂ ಅದೇ ಕ್ರಮ, ಅಲ್ಲಿ ಬಹಳ ಹಿಂದಿನಿಂದ ಮೊನಾಕೊದ ಪ್ರಜೆಗಳಿಗೆ ತಮ್ಮದೇ ಊರಿನ ಕ್ಯಾಸಿನೊದಲ್ಲಿ ಆಡಲು ಅವಕಾಶವಿಲ್ಲ. ಪರರು ಬಂದು ಹಣ ಕಳೆದುಕೊಂಡು ಹೋಗಲಿ, ನಮ್ಮವರು ಮಾತ್ರ ಒಳಗೆ ಹೋಗುವುದು ಬೇಡ. ಯಾಕೆ? ಒಂದು ರಾತ್ರಿ ಸಾಕಾಗುತ್ತದೆ ಎಂದು ಎರಡೂ ಸರಕಾರಗಳಿಗೆ ಗೊತ್ತಿದೆ. ಅಡಕೆ ಮಾರಿದ ಹಣ, ಮಗಳ ಮದುವೆಗೆಂದು ಕೂಡಿಟ್ಟ ಹಣ, ಊರಲ್ಲಿನ ಮನೆ, ಇವೆಲ್ಲ ಒಂದೇ ರಾತ್ರಿಯಲ್ಲಿ ಕರಗಬಹುದೆಂಬುದನ್ನು ನಂಬದ ಒಬ್ಬನೇ ಒಬ್ಬ ಗಂಡಸನ್ನು ನಾನು ಗೋವಾದಲ್ಲಿ ಕಂಡಿಲ್ಲ. ಆ ಹುಡುಗ ಚರ್ಚಿನಲ್ಲಿ ದೇವರ ಮುಂದೆ ಆಣೆ ಮಾಡಿ, ಅದೇ ಸಂಜೆ ಮತ್ತೆ ಆಡಲು ಕುಳಿತನೆಂಬುದನ್ನು ವಾಸ್ಕೊದಲ್ಲಿ ಯಾರೂ ಪ್ರಶ್ನಿಸಲಿಲ್ಲ. ಚಟವೆಂದರೆ ಹಾಗೇ ಎಂದು ತಲೆಯಾಡಿಸಿದರು. ಗಂಡಸಿಗೆ ಒಂದು ಸುತ್ತು ಗಾಲಿ ತಿರುಗುವಷ್ಟು ಹೊತ್ತು ಸಾಕು. ಹೆಂಗಸಿಗೆ ಮಾತ್ರ 24 ಗಂಟೆ ಸಾಲದು! ಲೇಖಕ ಈ ಎರಡು ಹುಚ್ಚುಗಳನ್ನು ಒಂದೇ ಹಾಸಿಗೆಯಲ್ಲಿ ಪಕ್ಕಪಕ್ಕದಲ್ಲಿ ಮಲಗಿಸಿದ್ದಾನೆ. ಒಂದನ್ನು ನಂಬಿ ಇನ್ನೊಂದನ್ನು ನಂಬದಿರುವುದಕ್ಕೆ ಕಥೆಯಲ್ಲಿ ಎಡೆಯೇ ಇಲ್ಲ, ಎಡೆ ಇರುವುದು ಕೇಳುಗರಲ್ಲಿ.

ಕೈಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ. ಮಿಸೆಸ್ ಸಿಗೆ ಅವಳ ಗಂಡ ಬದುಕಿದ್ದಾಗ ಒಂದು ಆಟ ಕಲಿಸಿದ್ದ: ಕ್ಯಾಸಿನೊದಲ್ಲಿ ಮುಖಗಳನ್ನು ನೋಡಬೇಡ, ಜೂಜುಕೋರರು ಮುಖವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನು ಕಲಿತಿರುತ್ತಾರೆ, ಕೈಗಳನ್ನು ನೋಡು, ಅವು ಒಳಗಿನದನ್ನೆಲ್ಲ ಹೇಳಿಬಿಡುತ್ತವೆ. ನಾನು 11 ವರ್ಷ ಕ್ಯಾಶ್ ಕೌಂಟರಿನಲ್ಲಿ ಕುಳಿತವಳು. ಗಾಜಿನ ಕೆಳಗಿನ ಅರ್ಧಚಂದ್ರದ ಕಿಂಡಿಯಿಂದ ಒಳಗೆ ಬರುವುದು ಕೈ ಮಾತ್ರ. ಸರತಿ ಉದ್ದವಿದ್ದ ದಿನ ತಲೆಯೆತ್ತಿ ಮುಖ ನೋಡುವಷ್ಟು ಪುರಸೊತ್ತು ಇರುತ್ತಿರಲಿಲ್ಲ. ಸಿಮೆಂಟು ಗೆರೆಗಟ್ಟಿದ ಕೈ, ಮೀನಿನ ವಾಸನೆಯ ನೋಟುಗಳನ್ನು ಒಂದೊಂದಾಗಿ ನೇರ ಮಾಡಿ ಕೊಡುವ ಕೈ, ಅವಧಿಗೆ ಮೊದಲೇ ಮುರಿಸಲು ತಂದ ಎಫ್‌ಡಿ ರಸೀದಿಯನ್ನು ಮುಂದಕ್ಕೆ ಚಾಚಿ ಮತ್ತೆ ಹಿಂದಕ್ಕೆ ಎಳೆದುಕೊಳ್ಳುವ ಕೈ. ಚಿನ್ನ ಅಡವಿಟ್ಟು ಸಾಲ ಪಡೆದವರಲ್ಲಿ ಎರಡು ಬಗೆ. ಮಗುವಿನ ಫೀ ಕಟ್ಟಲು ಹೊರಟ ಕೈ ನೋಟನ್ನು ಎರಡು ಸಲ ಎಣಿಸುತ್ತದೆ. ಆಡಲು ಹೊರಟ ಕೈ ಎಣಿಸುವುದಿಲ್ಲ, ಕಟ್ಟನ್ನು ಹಾಗೆಯೇ ಜೇಬಿಗೆ ತುರುಕಿಕೊಳ್ಳುತ್ತದೆ, ಅದು ಆಗಲೇ ಬೇರೆಯವರದ್ದಾಗಿದೆ ಎನ್ನುವಂತೆ. ಆ ಕೈಗಳ ಹಿಂದೆ ನಾನು ಮಳೆಯಲ್ಲಿ ಹೋದದ್ದಿಲ್ಲ. ಮುಂದಿನ ಟೋಕನ್ ಕರೆದೆ. ಆದರೆ ಕೈಯನ್ನು ನೋಡಿಯೇ ಒಬ್ಬ ಮನುಷ್ಯನ ಬಗ್ಗೆ ಎದೆ ಧಸಕ್ಕೆನ್ನಲು ಸಾಧ್ಯವೇ ಎಂದು ಕೇಳುವವರಿಗೆ, ದಿನಕ್ಕೆ ಎರಡು ಸಲವಾದರೂ ಸಾಧ್ಯ ಎಂದು ಲೆಕ್ಕ ಕೊಡಬಲ್ಲೆ.

ಇದೇ ಕೈಗಳ ಬಗ್ಗೆ ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ 1928ರಲ್ಲಿ ಬರೆದ. ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ಜೂಜಿನ ಚಟವನ್ನು ವಿವರಿಸುವ ಒಂದು ಪ್ರಬಂಧದ ಕೊನೆಯಲ್ಲಿ ಅವನು ಈ ನೀಳ್ಗತೆಯನ್ನು ಎತ್ತಿಕೊಂಡು, ಜೂಜು ಎಂಬುದು ಹಸ್ತಮೈಥುನದ ಬದಲಿ, ಕಥೆಯ ವಿಧವೆ ತಾಯಿಯ ಸ್ಥಾನದವಳು ಎಂದು ಬಿಡಿಸಿಟ್ಟ. ಇದು ನಿನ್ನ ಮನಸ್ಸಿನಲ್ಲಿತ್ತೇ ಎಂದು ಗೆಳೆಯನಾದ ಲೇಖಕನನ್ನೇ ಕೇಳಿದನಂತೆ. ಇಲ್ಲವೇ ಇಲ್ಲ ಎಂಬ ಉತ್ತರ ಬಂದುದನ್ನು ಅವನೇ ಅಲ್ಲಿ ದಾಖಲಿಸಿ, ಅದರಿಂದ ತನ್ನ ವಾದಕ್ಕೆ ಬಾಧಕವಿಲ್ಲವೆಂದು ಮುಂದುವರಿಯುತ್ತಾನೆ. ಆ ಪದವನ್ನು ನಾನು ವಾಸ್ಕೊದಲ್ಲಿ ಉಚ್ಚರಿಸಲಿಲ್ಲ; ಉಚ್ಚರಿಸಿದ್ದರೆ ಅವಲಕ್ಕಿ ಹಾಗೇ ಉಳಿದುಬಿಡುತ್ತಿತ್ತು. ಫ್ರಾಯ್ಡ್ ದೊಡ್ಡವನು, ಒಪ್ಪುತ್ತೇನೆ. ಆದರೆ ಇಡೀ ವಿವರಣೆಯಲ್ಲಿ ಹುಡುಗನಿಗೆ ಏನು ಬೇಕಾಗಿತ್ತು ಎಂಬುದೇ ಇದೆ. ಕಥೆ ಹೇಳುತ್ತಿರುವವಳಿಗೆ ಏನು ಬೇಕಾಗಿತ್ತು ಎಂಬುದು ಅವನ ಲೆಕ್ಕದಲ್ಲಿ ಅಂಚಿಗೆ ಸರಿದುಬಿಡುತ್ತದೆ.

ಅದನ್ನು ಅವಳೇ ಬಾಯಿಬಿಟ್ಟು ಹೇಳುತ್ತಾಳೆ ಎಂಬುದು ವಿಚಿತ್ರ. ಎಲ್ಲರೂ ರಾತ್ರಿಯ ಹೋಟೆಲಿನ ಬಳಿಯೇ ನಿಂತುಬಿಡುವುದರಿಂದ ಮರುದಿನದ ಮಧ್ಯಾಹ್ನವನ್ನು ಕೇಳಿಸಿಕೊಳ್ಳುವುದಿಲ್ಲ. ಆಣೆ ಆದ ಮೇಲೆ, ಹಣ ಕೊಟ್ಟ ಮೇಲೆ, ಅವಳು ಅವನಿಗೆ ಹೊರಡು ಎನ್ನುತ್ತಾಳೆ. ಅವನು ದೇವತೆಯ ಮುಂದೆ ಮಣಿಯುವಂತೆ ಮಣಿದು, ಹೇಳಿದಂತೆಯೇ ಹೊರಟುಹೋಗುತ್ತಾನೆ. ಆಗ ಅವಳಿಗೆ ಏನೋ ಚುಚ್ಚುತ್ತದೆ. ಅದು ಏನೆಂದು ಅವಳಿಗೆ ಆ ಕ್ಷಣದಲ್ಲಿ ತಿಳಿಯುವುದಿಲ್ಲ, ತಿಳಿದರೂ ಒಪ್ಪಿಕೊಳ್ಳುವುದಿಲ್ಲ, ಇಪ್ಪತ್ತೈದು ವರ್ಷದ ಮೇಲೆ ಹೇಳುವಾಗಲೂ ತಡವರಿಸುತ್ತಾಳೆ: ಅವನು ಅಷ್ಟೊಂದು ಗೌರವದಿಂದ ಹೋಗಿಬಿಟ್ಟನಲ್ಲ, ತನ್ನನ್ನು ಕಾಪಾಡಲು ಬಂದ ಪವಿತ್ರಳೆಂದು ಕಂಡನೇ ಹೊರತು ಹೆಣ್ಣೆಂದು ಕಾಣಲಿಲ್ಲವಲ್ಲ ಎಂಬ ನೋವು. ಅವನು ಕರೆದಿದ್ದರೆ ಹೆಸರು, ಮನೆತನ, ಇಬ್ಬರು ಗಂಡುಮಕ್ಕಳು ಎಲ್ಲವನ್ನೂ ಬಿಟ್ಟು ಹೋಗುತ್ತಿದ್ದೆ ಎನ್ನುತ್ತಾಳೆ. ಪ್ರಾಣ ಉಳಿಸುವುದಕ್ಕೆಂದು ಹೋದವಳು ತಾನು, ಇದೆಲ್ಲ ಕರುಣೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದವಳು, ಆ ಒಂದು ಚುಚ್ಚಿನಲ್ಲಿ ಸಿಕ್ಕಿಬೀಳುತ್ತಾಳೆ. ರಾತ್ರಿಯ ಸಂಗತಿಯನ್ನು ಅವಳು ಆಕಸ್ಮಿಕವೆಂದು ತಳ್ಳಿಹಾಕಬಹುದಾಗಿತ್ತು. ಹಗಲಿನ ಈ ನಿರಾಸೆಯನ್ನು ತಳ್ಳಿಹಾಕಲು ಬರುವುದಿಲ್ಲ.

ಅನುವಾದಕ್ಕೆ ಕುಳಿತಾಗ ನಾನು ಮೂರು ತಿಂಗಳು ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಇಂಗ್ಲಿಷಿನಲ್ಲಿ ಎದುರಿಗಿರುವವರು ಯಾರೇ ಆಗಲಿ ಒಂದೇ ಸರ್ವನಾಮ. ಆ ಭಾಷೆಗೆ ಈ ತಾಪತ್ರಯವಿಲ್ಲ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ‘ನೀನು’ ಅಥವಾ ‘ನೀವು’ ಎಂದು ತೀರ್ಮಾನಿಸಬೇಕು. 24 ವರ್ಷದ ಹುಡುಗ, 42 ವರ್ಷದ ಶ್ರೀಮಂತ ವಿಧವೆ. ನನ್ನ ಮೊದಲ ಕರಡಿನಲ್ಲಿ ಉದ್ದಕ್ಕೂ ‘ನೀವು’ ಎಂದಿತ್ತು. ನಮ್ಮ ಕಡೆಯ ಸಭ್ಯತೆ, ಇನ್ನೇನು. ಓದಿ ನೋಡಿದರೆ ಬೆಂಚಿನ ಪ್ರಸಂಗವೇ ಸುಳ್ಳಾಗಿ ಕೇಳಿಸಿತು. ಏಕೆಂದರೆ ಕತ್ತಲಿನಲ್ಲಿ, ಮಳೆಯಲ್ಲಿ, ಆ ಹುಡುಗ ಇವಳನ್ನು ಕ್ಯಾಸಿನೊದ ಸುತ್ತ ಗಿರಾಕಿಗಳನ್ನು ಹುಡುಕುವ ಹೆಂಗಸೆಂದೇ ತಿಳಿದಿರುತ್ತಾನೆ. ತನ್ನಲ್ಲಿ ಹಣವಿಲ್ಲ, ತನ್ನಿಂದ ಏನೂ ಗಿಟ್ಟದು ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಅಂಥವಳಿಗೆ ಯಾವ ಊರಿನ ಗಂಡಸು ಬಹುವಚನ ಹಾಕುತ್ತಾನೆ? ಹಾಗಾಗಿ ರಾತ್ರಿಯನ್ನೆಲ್ಲ ‘ನೀನು’ ಎಂದು ತಿದ್ದಿದೆ. ಬೆಳಗಾಗಿ ಅವಳು ಯಾರೆಂದು ಅವನಿಗೆ ಅರಿವಾದಾಗ ‘ನೀವು’ ಬರಲೇಬೇಕಾಯಿತು, ಬಂದದ್ದು ಗೌರವದ ಭಾರ ಹೊತ್ತುಕೊಂಡು ಬಂತು. ಚರ್ಚಿನಲ್ಲಿ, ಗಾಡಿಯಲ್ಲಿ, ಹಣ ತೆಗೆದುಕೊಳ್ಳುವಾಗ, ಎಲ್ಲೆಲ್ಲೂ ‘ನೀವು, ನಿಮ್ಮ, ನಿಮಗೆ’. ಕೊನೆಗೆ ಕ್ಯಾಸಿನೊದಲ್ಲಿ ಅವನು ಕೂಗಾಡುವಾಗ ಮತ್ತೆ ‘ನೀನು’. ನೀನು ಬಂದರೆ ನನಗೆ ಸೋಲೇ ಎಂದು ಹಂಗಿಸುವ ಏಕವಚನ ಅದು.

ಹೀಗೆ ತಿದ್ದಿ ಮುಗಿಸಿದ ರಾತ್ರಿ ನಾನು ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕಥೆಯಲ್ಲಿ ಎರಡು ಕಡೆ ‘ನೀನು’ ಇದೆ, ಎರಡೂ ತಿರಸ್ಕಾರದ್ದು. ನಡುವೆ ಇರುವುದು ಪೂಜೆಯ ‘ನೀವು’. ನಮ್ಮ ಭಾಷೆಯಲ್ಲಿ ಮೂರನೆಯದೊಂದು ‘ನೀನು’ ಇದೆಯಲ್ಲ, ಗಂಡ ಹೆಂಡತಿಗೆ ಹೇಳುವ, ಮಗು ತಾಯಿಗೆ ಹೇಳುವ, ಭಕ್ತ ದೇವರಿಗೆ ಹೇಳುವ ‘ನೀನು’, ಅದು ಅವಳಿಗೆ ಆ 24 ಗಂಟೆಗಳಲ್ಲಿ ಒಂದೇ ಒಂದು ಸಲವೂ ಸಿಗಲಿಲ್ಲ. ಅವಳು ಪೆಟ್ಟಿಗೆ ಕಟ್ಟಿಕೊಂಡು ನಿಲ್ದಾಣಕ್ಕೆ ಓಡಿದ್ದು ಅದಕ್ಕಾಗಿ. ಮೂಲ ಜರ್ಮನ್ನಿನಲ್ಲಿ ಇದು ಹೇಗಿದ್ದರೂ ಇರಲಿ, ಕನ್ನಡದಲ್ಲಿ ಹೀಗಿದೆ. ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆಯಿದ್ದರೆ ಇದು: ‘ನೀವು’ ಎಲ್ಲಿ ಹಾಕಿದಿರಿ, ‘ನೀನು’ ಎಲ್ಲಿ ಹಾಕಿದಿರಿ, ಯಾಕೆ? ವಾಸ್ಕೊದಲ್ಲಿ ಕಾದೆ, ನಾಲ್ಕು ವರ್ಷದಿಂದ ಕಾಯುತ್ತಲೇ ಇದ್ದೇನೆ. 24 ಗಂಟೆಯ ಲೆಕ್ಕವನ್ನೇ ಕೇಳುತ್ತಾರೆ. ಬ್ಯಾಂಕಿನವಳಿಗೆ ಲೆಕ್ಕ ಬೇಕೇ ಬೇಕೆಂದರೆ ಕೊಡುತ್ತೇನೆ: 67 ವರ್ಷವೆಂದರೆ 24 ಸಾವಿರಕ್ಕೂ ಹೆಚ್ಚು ದಿನ. ಅವಳು ಹೇಳಿಕೊಳ್ಳಬೇಕೆನಿಸಿದ್ದು ಅದರಲ್ಲಿ ಒಂದನ್ನು.

ಹೇಳಿಕೊಳ್ಳಲು ಅವಳಿಗೆ ಜಾಗವಿರಲಿಲ್ಲ. ತಾನು ಕ್ಯಾಥೊಲಿಕ್ ಆಗಿದ್ದರೆ ಪಾದ್ರಿಯ ಮುಂದೆ ಹೇಳಿ ಹಗುರಾಗಬಹುದಿತ್ತು, ಇಂಗ್ಲೆಂಡಿನ ಆಂಗ್ಲಿಕನ್ ಪಂಥದವಳಾದ್ದರಿಂದ ಆ ದಾರಿಯೂ ಇಲ್ಲ ಎಂದು ಅವಳೇ ವಿವರಿಸುತ್ತಾಳೆ. (ಗೋವಾದಲ್ಲಿ ಹೆಜ್ಜೆಗೊಂದು ಚರ್ಚು, ಚರ್ಚಿಗೊಂದು ತಪ್ಪೊಪ್ಪಿಗೆಯ ಪೆಟ್ಟಿಗೆ ನೋಡುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು.) ಈ ಕಥೆ 1952ರಲ್ಲಿ ಬ್ರಿಟನ್ನಿನಲ್ಲಿ ಚಲನಚಿತ್ರವಾದಾಗ ವಿಧವೆಯ ಪಾತ್ರ ಮಾಡಿದವಳು ಮರ್ಲ್ ಒಬೆರಾನ್. 1911ರಲ್ಲಿ ಮುಂಬೈಯಲ್ಲಿ ಹುಟ್ಟಿದವಳು. ಆದರೆ ಚಿತ್ರರಂಗದಲ್ಲಿ ಇದ್ದಷ್ಟು ಕಾಲ ತಾನು ಆಸ್ಟ್ರೇಲಿಯಾದ ಟಾಸ್ಮೇನಿಯಾದವಳೆಂದೇ ಹೇಳಿಕೊಂಡು ಬಂದಳು. ಮುಂಬೈಯ ಹುಟ್ಟು, ಭಾರತದ ರಕ್ತ ಗೊತ್ತಾದರೆ ಕೆಲಸ ಹೋಗುತ್ತಿತ್ತು. ನಿಜ ಪೂರ್ತಿಯಾಗಿ ಹೊರಬಿದ್ದದ್ದು 1979ರಲ್ಲಿ ಅವಳು ಸತ್ತ ಮೇಲೆ. ಬಚ್ಚಿಟ್ಟದ್ದನ್ನು ಹೇಳಿಕೊಳ್ಳುವ ಹೆಣ್ಣಿನ ಪಾತ್ರವನ್ನು, ಹೇಳಿಕೊಳ್ಳಲಾರದೆ ಬಚ್ಚಿಟ್ಟುಕೊಂಡ ಹೆಣ್ಣೊಬ್ಬಳು ಅಭಿನಯಿಸಿದಳು.

ನಿರೂಪಕ ಅವಳಿಗೆ ಹೇಗೆ ಸಿಕ್ಕಿದ ಎಂಬುದನ್ನು ನೋಡಬೇಕು. ಅವನು ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಊಟದ ಮೇಜಿನಲ್ಲಿ ಬೇರೆ ಯಾವಳೋ ಓಡಿಹೋದವಳ ಪರವಾಗಿ, ತನಗೆ ತೀರ್ಪು ಕೊಡುವುದಕ್ಕಿಂತ ಅರ್ಥಮಾಡಿಕೊಳ್ಳುವುದು ಹೆಚ್ಚು ಇಷ್ಟ ಎಂದು ಜಗಳವಾಡಿದ್ದ, ಅಷ್ಟೇ. ಅವಳು ಹೇಳಿ ಮುಗಿಸಿದ ಮೇಲೂ ಅವನು ಕೇಳುವುದೇನೂ ಇಲ್ಲ. ಬಗ್ಗಿ, ತರಗೆಲೆಯಂತೆ ನಡುಗುತ್ತಿದ್ದ ಆ ಮುದಿ ಕೈಗೆ ಮುತ್ತಿಡುತ್ತಾನೆ.

ಇದನ್ನು ನಾನು ಇಷ್ಟು ಜೋರಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ, ಅದು ನನಗೆ ಅಷ್ಟೇನೂ ಹೆಮ್ಮೆಯದಲ್ಲ. ಕುಮಟಾದ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಿ ಇದ್ದಾಳೆ, ಪ್ರಾಥಮಿಕ ಶಾಲೆಯ ಮಾಸ್ತರಿಣಿಯಾಗಿ ನಿವೃತ್ತಳಾದವಳು, ನನ್ನ ತಾಯಿಯ ಕೊನೆಯ ತಂಗಿ. ನನಗೆ 34 ವರ್ಷವಿದ್ದಾಗ ಒಂದು ಮೇ ತಿಂಗಳಲ್ಲಿ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಊರಿನ ಒಬ್ಬಳು ಮನೆ ಬಿಟ್ಟು ಹೋಗಿದ್ದಳು, ಆ ವಾರವೆಲ್ಲ ಅದೇ ಮಾತು. ಹಲಸಿನ ಹಪ್ಪಳ ಒತ್ತುತ್ತ ಕುಳಿತ ಹೆಂಗಸರೆಲ್ಲ ಅವಳನ್ನು ಒತ್ತಿ ಒಣಗಿಸುತ್ತಿದ್ದಾಗ ನಾನೊಬ್ಬಳೇ, ಪೇಟೆಯಿಂದ ಬಂದವಳೆಂಬ ಗತ್ತಿನಲ್ಲಿ, ಅವಳ ಪರವಾಗಿ ನಾಲ್ಕು ಮಾತು ಆಡಿದೆ. ಚಿಕ್ಕಿ ಏನೂ ಅನ್ನಲಿಲ್ಲ. ಆ ರಾತ್ರಿ ಕರೆಂಟು ಹೋಗಿ ನಾವಿಬ್ಬರೂ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾಗ, ನಿದ್ದೆ ಬಂದಿರಬೇಕೆಂದು ನಾನು ತಿಳಿದಿದ್ದವಳು ಮಾತು ತೆಗೆದಳು. ‘ಒಂದಿನ ಹೊನ್ನಾವರದಲ್ಲಿ ನಂಗೆ ಕಡೆಯ ಬಸ್ಸು ತಪ್ಪಿತ್ತು’ ಎಂದಳು. ಅಷ್ಟು ಹೇಳಿ ನಿಲ್ಲಿಸಿದಳು.

ನಾನು ಮೊಣಕೈ ಊರಿ ಎದ್ದು ಕುಳಿತು, ‘ಹೌದೇ? ಯಾವಾಗ? ಸಂಗಡ ಯಾರಿದ್ದರು?’ ಎಂದೆ.

ದಿನಾಂಕ, ಹೆಸರು. ವೋಚರು ತುಂಬುವವಳ ಹಾಗೆ.

‘ಎಂತೂ ಇಲ್ಲೆ ಮಾರಾಯ್ತಿ, ಹೊತ್ತಾತು’ ಎಂದು ಚಿಕ್ಕಿ ಮಗ್ಗುಲಾದಳು. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ, ಎಷ್ಟೋ ರಾತ್ರಿ ಅದೇ ಜಗಲಿಯಲ್ಲಿ ಮಲಗಿದ್ದೇನೆ. ಹೊನ್ನಾವರದ ಬಸ್ಸು ಮತ್ತೆ ಬರಲಿಲ್ಲ. ಅದು ಏನೂ ಅಲ್ಲದಿರಬಹುದು. ಬಸ್ಸು ತಪ್ಪಿ ಯಾರದೋ ಮನೆಯಲ್ಲಿ ಉಳಿದು ಬೆಳಗ್ಗೆ ಮರಳಿ ಬಂದದ್ದಷ್ಟೇ ಇರಬಹುದು. ಆದರೆ ಅಷ್ಟನ್ನು ಹೇಳಲು ಯಾರೂ ಕರೆಂಟು ಹೋದ ರಾತ್ರಿಗಾಗಿ ಕಾಯುವುದಿಲ್ಲ.

ಆದ್ದರಿಂದ ವಾಸ್ಕೊದ ಹಿರಿಯರ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ಪಾಲು ನನ್ನದೇ. ಅವರಾದರೂ ಸತ್ತುಹೋದ ಪರದೇಶಿಯೊಬ್ಬ ಕಲ್ಪಿಸಿದ ಹೆಂಗಸಿನ ಬಗ್ಗೆ ಕೇಳಿದರು.

ಕಳೆದ ವರ್ಷ ಉಳಿದ ಒಂದು ಜೆರಾಕ್ಸ್ ಪ್ರತಿಯನ್ನು ಚಿಕ್ಕಿಗೆ ಅಂಚೆಯಲ್ಲಿ ಕಳಿಸಿದೆ. ಓದುತ್ತಾಳೆಂಬ ಭರವಸೆ ಇರಲಿಲ್ಲ, ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ತಿಂಗಳ ಮೇಲೆ ಫೋನು ಮಾಡಿದಳು. ಮೊದಲು 14 ಕಾಗುಣಿತದ ತಪ್ಪುಗಳನ್ನು ಪುಟಸಂಖ್ಯೆಯ ಸಮೇತ ಓದಿ ಹೇಳಿದಳು. ನನ್ನ ಯಜಮಾನರು ಪಕ್ಕದಲ್ಲಿ ಕುಳಿತು ಬರೆದುಕೊಂಡರು. ಕಾಗುಣಿತದ ಕಡೆಗೇ ಗಮನವಿತ್ತಲ್ಲ ಎಂದು ನಾನು ಅವರನ್ನು ನೋಡಿದೆ, ಅವರು ನೋಡಲಿಲ್ಲ. ಆಮೇಲೆ ಚಿಕ್ಕಿ ಈ ವರ್ಷದ ಮುರುಗಲು ಹಣ್ಣಿನ ಬಗ್ಗೆ, ಮಂಗನ ಕಾಟದ ಬಗ್ಗೆ ಹೇಳಿದಳು. ಫೋನು ಇಡುವ ಮುಂಚೆ, ಮರೆತುಹೋಗಿತ್ತು ಎನ್ನುವಂತೆ ಸೇರಿಸಿದಳು:

‘ಅಂವ ಹೊರಡಕ್ಕಾದ್ರೆ ಇದ್ದಲೆ, ದುಡ್ಡು ಇಸ್ಕಂಡು. ಅಲ್ಲೊಂದ್ಸಲ ನೀನು ಏಕವಚನ ಹಾಕಕ್ಕಾಗಿತ್ತು.’

ಅಲ್ಲಿ ಹಾಕುವಂತಿಲ್ಲ, ಹಾಕಿದರೆ ಕಥೆಯೇ ಬೇರೆಯಾಗುತ್ತದೆ, ಅವಳು ನಿಲ್ದಾಣದವರೆಗೆ ಓಡಬೇಕಾಗುವುದೇ ಇಲ್ಲ, ಇದನ್ನೆಲ್ಲ ಹೇಳಬಹುದಾಗಿತ್ತು. ಹೇಳಲಿಲ್ಲ. ಏನನ್ನೂ ಕೇಳಲೂ ಇಲ್ಲ. ‘ನೋಡುತ್ತೇನೆ ಚಿಕ್ಕಿ’ ಎಂದೆ. ಅವಳು ಹ್ಞೂಂ ಎಂದು ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇದ್ದಳು, ನಾನೂ ಹಿಡಿದುಕೊಂಡಿದ್ದೆ. ಕಾಗುಣಿತದ 14 ತಪ್ಪುಗಳನ್ನು ಯಜಮಾನರು ಆ ಸಂಜೆಯೇ ತಿದ್ದಿದರು. ಆ ಒಂದು ಪುಟದ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದೇನೆ. ಅಲ್ಲಿ ಇನ್ನೂ ‘ನೀವು’ ಎಂದೇ ಇದೆ.